ಸ್ತನಗೆಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಬೆಳಕಿನ ರೋಹಿತದರ್ಶನ

ಸ್ತನಗೆಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಬೆಳಕಿನ ರೋಹಿತದರ್ಶನ ಎಂಬುದು ಒಂದೇ ಉಪಕರಣದ ಹೆಸರಲ್ಲ. ಅದು ಹಲವು ವಿಧಾನಗಳ ಸಮೂಹ. ಗೆಡ್ಡೆಯನ್ನು ತೆಗೆಯುವ ಹೊತ್ತಿನಲ್ಲಿಯೇ ಅಂಗಾಂಶದ ಮೇಲೆ ಬೆಳಕನ್ನು ಹಾಯಿಸಿ, ಅಲ್ಲಿಂದ ಮರಳಿ ಬರುವ ಬೆಳಕನ್ನು ತರಂಗಾಂತರಗಳಿಗೆ ಅನುಸಾರವಾಗಿ ಬಿಡಿಸಿ ನೋಡಿ, ಆ ಜಾಗದಲ್ಲಿ ಕ್ಯಾನ್ಸರ್ ಉಳಿದಿದೆಯೇ ಇಲ್ಲವೇ ಎಂದು ತಿಳಿಯುವುದು ಈ ಎಲ್ಲ ವಿಧಾನಗಳ ಗುರಿ. ಇವುಗಳನ್ನು ಮಹಿಳೆಯರ ಸ್ತನ ಕ್ಯಾನ್ಸರಿನಲ್ಲಿಯೂ ನಾಯಿ ಮೊದಲಾದ ಪ್ರಾಣಿಗಳ ಗೆಡ್ಡೆಗಳಲ್ಲಿಯೂ ಪರೀಕ್ಷಿಸಲಾಗಿದೆ. ಸೂಕ್ಷ್ಮದರ್ಶಕದ ಪರೀಕ್ಷೆಗೆ ದಿನಗಳು ಬೇಕಾದರೆ, ಬೆಳಕಿನ ಪರೀಕ್ಷೆಗೆ ಕೆಲವು ಸೆಕೆಂಡುಗಳು ಸಾಕು. ಆದರೆ ಈವರೆಗೆ ಯಾವ ಬೆಳಕಿನ ಪರೀಕ್ಷೆಯೂ ಸೂಕ್ಷ್ಮದರ್ಶಕದ ಅಂತಿಮ ತೀರ್ಪಿಗೆ ಬದಲಿಯಾಗಿಲ್ಲ. ಅದರ ಪಾತ್ರ ಶಸ್ತ್ರವೈದ್ಯರಿಗೆ ನೆರವು ನೀಡುವುದಷ್ಟೇ ಆಗಿದೆ.

ಹಿನ್ನೆಲೆ

ಸ್ತನ ಕ್ಯಾನ್ಸರ್ ಜಗತ್ತಿನ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಪತ್ತೆಯಾಗುವ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಸುಮಾರು 23 ಲಕ್ಷ ಮಹಿಳೆಯರಲ್ಲಿ ಈ ರೋಗ ಪತ್ತೆಯಾಯಿತು, ಸುಮಾರು 6.7 ಲಕ್ಷ ಮಂದಿ ಇದರಿಂದ ಮರಣ ಹೊಂದಿದರು. ಹೆಚ್ಚಿನ ರೋಗಿಗಳ ಚಿಕಿತ್ಸೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುಖ್ಯ ಸ್ಥಾನವಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಇಡೀ ಸ್ತನವನ್ನೂ ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ಒಟ್ಟಾಗಿ ತೆಗೆದುಹಾಕುವ ಪದ್ಧತಿಯನ್ನು ರೂಢಿಗೆ ತಂದರು. ಮುಂದೆ ಹಲವು ದಶಕಗಳ ಕಾಲ ಇದೇ ಸರಿಯಾದ ಚಿಕಿತ್ಸೆಯೆಂದು ನಂಬಲಾಗಿತ್ತು. 1970ರ ದಶಕದಲ್ಲಿ ಇಟಲಿಯ ಮಿಲಾನ್‌ನಲ್ಲಿ ಉಂಬೆರ್ಟೊ ವೆರೊನೇಸಿ ಮತ್ತು ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಈ ನಂಬಿಕೆಯನ್ನು ಪ್ರಯೋಗಕ್ಕೆ ಒಡ್ಡಿದರು. ಇಬ್ಬರ ಅಧ್ಯಯನಗಳ ಇಪ್ಪತ್ತು ವರ್ಷಗಳ ಫಲಿತಾಂಶಗಳೂ 2002ರಲ್ಲಿ ಪ್ರಕಟವಾದವು. ಗೆಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು ಉಳಿದ ಸ್ತನವನ್ನು ಉಳಿಸಿಕೊಂಡರೂ ರೋಗಿಯ ಆಯುಷ್ಯಕ್ಕೆ ಕುಂದಿಲ್ಲ ಎಂಬುದು ಅವುಗಳಿಂದ ಸಿದ್ಧವಾಯಿತು. ಫಿಶರ್ ಅವರ ಅಧ್ಯಯನದಲ್ಲಿ ಗೆಡ್ಡೆಯನ್ನು ತೆಗೆದ ಬಳಿಕ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಶೇಕಡ 14.3ರಷ್ಟು ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು. ವಿಕಿರಣ ಪಡೆಯದವರಲ್ಲಿ ಈ ಪ್ರಮಾಣ ಶೇಕಡ 39.2 ಆಗಿತ್ತು.

ಹೀಗೆ ಸ್ತನವನ್ನು ಉಳಿಸುವ ಶಸ್ತ್ರಚಿಕಿತ್ಸೆ ಬಳಕೆಗೆ ಬಂದೊಡನೆ ಹೊಸ ಪ್ರಶ್ನೆಯೊಂದು ಎದುರಾಯಿತು: ಎಲ್ಲಿಗೆ ನಿಲ್ಲಿಸಬೇಕು? ಕಡಿಮೆ ತೆಗೆದರೆ ರೋಗ ಉಳಿಯುತ್ತದೆ. ಹೆಚ್ಚು ತೆಗೆದರೆ ಸ್ತನವನ್ನು ಉಳಿಸುವ ಉದ್ದೇಶವೇ ಕೆಡುತ್ತದೆ.

ಅಂಚಿನ ಪ್ರಶ್ನೆ

ತೆಗೆದ ಅಂಗಾಂಶದ ತುಂಡಿನ ಹೊರಮೈಗೆ ಪ್ಯಾಥಾಲಜಿ ವಿಭಾಗದಲ್ಲಿ ಶಾಯಿ ಬಳಿಯುತ್ತಾರೆ. ಬಳಿಕ ಅದನ್ನು ಮೇಣದಲ್ಲಿ ಹುದುಗಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರ್ ಕೋಶಗಳು ಶಾಯಿಯನ್ನು ಮುಟ್ಟಿದ್ದರೆ, ಕತ್ತರಿಸಿದ ಗೆರೆ ಗೆಡ್ಡೆಯ ಮೂಲಕವೇ ಹಾದಿದೆ ಎಂದರ್ಥ. ಇಂಥ ಅಂಚನ್ನು ಧನಾತ್ಮಕ ಅಂಚು ಎನ್ನುತ್ತಾರೆ. ಇಲ್ಲಿ ಧನಾತ್ಮಕ ಎಂಬ ಮಾತು ಒಳ್ಳೆಯ ಸುದ್ದಿಯನ್ನು ಸೂಚಿಸುವುದಿಲ್ಲ. ಸುತ್ತಲಿನ ಅಂಗಾಂಶಕ್ಕೆ ಹರಡಿದ ಕ್ಯಾನ್ಸರಿನಲ್ಲಿ ಗೆಡ್ಡೆ ಶಾಯಿಯನ್ನು ಮುಟ್ಟದಿದ್ದರೆ ಸಾಕು ಎಂದು 2014ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಮತ್ತು ವಿಕಿರಣ ಚಿಕಿತ್ಸಕರ ಸಂಘಗಳು ಒಟ್ಟಾಗಿ ಮಾರ್ಗಸೂಚಿ ನೀಡಿದವು. ಹಾಲಿನ ನಾಳದೊಳಗೇ ಉಳಿದ ಆರಂಭಿಕ ಕ್ಯಾನ್ಸರಿಗೆ 2 ಮಿಲಿಮೀಟರ್ ಅಂತರ ಬೇಕೆಂದು 2016ರಲ್ಲಿ ಸೂಚಿಸಲಾಯಿತು.

ತೊಡಕು ಇರುವುದು ಸಮಯದಲ್ಲಿ. ಸೂಕ್ಷ್ಮದರ್ಶಕದ ವರದಿ ಬರುವ ವೇಳೆಗೆ ಗಾಯವನ್ನು ಹೊಲಿದು ರೋಗಿಯನ್ನು ಮನೆಗೆ ಕಳುಹಿಸಿ ದಿನಗಳು ಕಳೆದಿರುತ್ತವೆ. ಅಂಚು ಧನಾತ್ಮಕವಾಗಿದ್ದರೆ ಮತ್ತೆ ಅರಿವಳಿಕೆ, ಮತ್ತೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ. ಮುಂದಿನ ಚಿಕಿತ್ಸೆ ತಡವಾಗುತ್ತದೆ, ಖರ್ಚು ಹೆಚ್ಚುತ್ತದೆ, ಸ್ತನದ ಆಕಾರ ಕೆಡುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲವೂ ಮುಗಿಯಿತೆಂದು ನಿಟ್ಟುಸಿರು ಬಿಟ್ಟವರ ಮನಸ್ಸು ಕುಗ್ಗುತ್ತದೆ. ಇಂಗ್ಲೆಂಡಿನ 55 ಸಾವಿರಕ್ಕೂ ಹೆಚ್ಚು ಮಹಿಳೆಯರ ದಾಖಲೆಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಂತೆ, ಸ್ತನ ಉಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಪ್ರತಿ ಐವರಲ್ಲಿ ಒಬ್ಬರಿಗೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಯಿತು.

ಶಸ್ತ್ರಚಿಕಿತ್ಸೆಯ ನಡುವೆಯೇ ತುಂಡನ್ನು ಹೆಪ್ಪುಗಟ್ಟಿಸಿ ಸೀಳಿ ನೋಡುವ ಪದ್ಧತಿಯೂ ಇದೆ. ಆದರೆ ಸ್ತನದಲ್ಲಿ ಕೊಬ್ಬು ಹೆಚ್ಚಾಗಿದ್ದು, ಕೊಬ್ಬು ಚೆನ್ನಾಗಿ ಹೆಪ್ಪುಗಟ್ಟದ ಕಾರಣ ಸೀಳುಗಳು ಹರಿದುಹೋಗುತ್ತವೆ. ತುಂಡಿನ ಎಕ್ಸ್-ರೇ ತೆಗೆಯುವ ಕ್ರಮವೂ ವ್ಯಾಪಕವಾಗಿದೆಯಾದರೂ ಅದರಲ್ಲಿ ಸೂಕ್ಷ್ಮ ಹರಡುವಿಕೆ ಕಾಣುವುದಿಲ್ಲ. ಈ ಕೊರತೆಯನ್ನು ತುಂಬುವ ಪ್ರಯತ್ನವಾಗಿ ಬೆಳಕಿನ ವಿಧಾನಗಳು ರೂಪುಗೊಂಡವು.

ಮೂಲತತ್ತ್ವ

ಬಿಳಿಯ ಬೆಳಕು ಪಟ್ಟಕದ ಮೂಲಕ ಹಾದಾಗ ಬಣ್ಣಗಳಾಗಿ ಬಿಡಿಯುತ್ತದೆ. ಈ ಬಣ್ಣಗಳ ಪಟ್ಟಿಯೇ ರೋಹಿತ. ಒಂದು ವಸ್ತುವಿನಿಂದ ಬಂದ ಬೆಳಕಿನ ರೋಹಿತವನ್ನು ನೋಡಿ ಅದರಲ್ಲಿ ಏನಿದೆ ಎಂದು ತಿಳಿಯುವ ವಿದ್ಯೆಗೆ ರೋಹಿತದರ್ಶನ ಎಂದು ಹೆಸರು. ಸೂರ್ಯನಲ್ಲಿರುವ ಧಾತುಗಳನ್ನು ವಿಜ್ಞಾನಿಗಳು ಗುರುತಿಸಿದ್ದು ಇದೇ ಮಾರ್ಗದಿಂದ.

ಅಂಗಾಂಶದೊಳಕ್ಕೆ ಹೊಕ್ಕ ಬೆಳಕಿಗೆ ಮುಖ್ಯವಾಗಿ ನಾಲ್ಕು ಗತಿಗಳುಂಟು. ಅದು ಹೀರಲ್ಪಡಬಹುದು, ತರಂಗಾಂತರ ಬದಲಾಗದೆ ದಿಕ್ಕು ಬದಲಿಸಿ ಚದುರಬಹುದು, ಅಣುಗಳು ಅದನ್ನು ಹೀರಿ ಬೇರೆ ಬಣ್ಣದ ಬೆಳಕನ್ನು ಹೊರಸೂಸಬಹುದು, ಇದನ್ನು ಪ್ರತಿದೀಪ್ತಿ ಎನ್ನುತ್ತಾರೆ, ಅಥವಾ ಅಣುಗಳ ಕಂಪನಕ್ಕೆ ಒಂದಿಷ್ಟು ಶಕ್ತಿಯನ್ನು ಕೊಟ್ಟು ಇಲ್ಲವೇ ಅವುಗಳಿಂದ ಪಡೆದು, ತರಂಗಾಂತರ ಬದಲಿಸಿಕೊಂಡು ಚದುರಬಹುದು. ಈ ಕೊನೆಯದೇ ರಾಮನ್ ಪರಿಣಾಮ.

ಆರೋಗ್ಯವಂತ ಸ್ತನದಲ್ಲಿ ಕೊಬ್ಬು, ಹಾಲಿನ ಗ್ರಂಥಿಗಳು ಮತ್ತು ಅವನ್ನು ಹಿಡಿದಿಡುವ ನಾರಿನಂಥ ಅಂಗಾಂಶ ಇರುತ್ತವೆ. ಕ್ಯಾನ್ಸರ್ ಬೆಳೆದಾಗ ಅಲ್ಲಿನ ಕೊಬ್ಬಿನ ಜಾಗವನ್ನು ಕೋಶಗಳೂ ಕೊಲಾಜನ್ ನಾರುಗಳೂ ಆಕ್ರಮಿಸುತ್ತವೆ. ನೀರಿನ ಅಂಶ ಹೆಚ್ಚುತ್ತದೆ. ಹೊಸ ರಕ್ತನಾಳಗಳು ಹುಟ್ಟುತ್ತವೆ. ಕೋಶಕೇಂದ್ರಗಳು ದೊಡ್ಡದಾಗಿ ಒತ್ತೊತ್ತಾಗುತ್ತವೆ. ಈ ಪ್ರತಿಯೊಂದು ಬದಲಾವಣೆಯೂ ಬೆಳಕಿನ ಮೇಲೆ ಗುರುತು ಬಿಡುತ್ತದೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಜಾಗಗಳ ರೋಹಿತಗಳು ಬೇರೆಯಾಗಿರಬಲ್ಲವು ಎಂಬುದೇ ಈ ವಿಧಾನಗಳ ಆಧಾರ.

ವಿಧಾನಗಳು

ಪ್ರಸರಿತ ಪ್ರತಿಫಲನ ರೋಹಿತದರ್ಶನ

ತೆಳುವಾದ ಆಪ್ಟಿಕಲ್ ಫೈಬರಿನ ಮೂಲಕ ಬಿಳಿಯ ಬೆಳಕನ್ನು ಅಂಗಾಂಶಕ್ಕೆ ಬಿಟ್ಟು, ಒಳಗೆ ಚದುರಿ ಮರಳಿದ ಬೆಳಕನ್ನು ಪಕ್ಕದ ಫೈಬರಿನಿಂದ ಸಂಗ್ರಹಿಸುವುದು ಇಲ್ಲಿನ ಕ್ರಮ. ರಕ್ತದ ಹಿಮೋಗ್ಲೋಬಿನ್ 415 ನ್ಯಾನೊಮೀಟರ್ ಸುಮಾರಿನಲ್ಲಿಯೂ 540ರಿಂದ 580ರ ನಡುವಿನಲ್ಲಿಯೂ ಬೆಳಕನ್ನು ಬಲವಾಗಿ ಹೀರುತ್ತದೆ. ಕೊಬ್ಬಿಗೆ ಹಳದಿ ಛಾಯೆ ಕೊಡುವ ಬೀಟಾ ಕ್ಯಾರೊಟಿನ್ ನೀಲಿಯ ಭಾಗದಲ್ಲಿ ಹೀರುತ್ತದೆ. ಅವಕೆಂಪು ಭಾಗಕ್ಕೆ ಹೋದರೆ ಕೊಬ್ಬು 1210 ನ್ಯಾನೊಮೀಟರ್ ಬಳಿಯಲ್ಲಿ, ನೀರು 970 ಮತ್ತು 1450ರ ಬಳಿಯಲ್ಲಿ ತಮ್ಮ ಗುರುತು ತೋರುತ್ತವೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಿಮ್ಮಿ ರಾಮಾನುಜಂ ಅವರ ತಂಡ, ಹೊರತೆಗೆದ ತುಂಡಿನ ಅಂಚುಗಳನ್ನು ಈ ವಿಧಾನದಿಂದ ಅಳೆದು, ಬೀಟಾ ಕ್ಯಾರೊಟಿನ್ ಮತ್ತು ಚದುರುವಿಕೆಯ ಅನುಪಾತವನ್ನು ಗುರುತಾಗಿ ಬಳಸಿತು. ಆಮ್‌ಸ್ಟರ್‌ಡಾಮ್‌ನ ನೆದರ್ಲೆಂಡ್ಸ್ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು ಕೊಬ್ಬು ಮತ್ತು ನೀರಿನ ಅನುಪಾತವನ್ನು ಆರಿಸಿಕೊಂಡರು. ಆರೋಗ್ಯವಂತ ಕೊಬ್ಬಿನಿಂದ ಗೆಡ್ಡೆಯ ಕಡೆಗೆ ಸಾಗಿದಂತೆ ಈ ಅನುಪಾತ ಇಳಿಯುವುದನ್ನು ಅವರು 2015ರಲ್ಲಿ ವರದಿ ಮಾಡಿದರು. ಉಪಕರಣ ಸರಳವಾಗಿರುವುದೂ ಅಳತೆ ಕ್ಷಣಾರ್ಧದಲ್ಲಿ ಮುಗಿಯುವುದೂ ಈ ವಿಧಾನದ ಹಿರಿಮೆ. ಕೊಬ್ಬು ಕಡಿಮೆಯಿದ್ದು ನಾರಿನ ಅಂಶ ಹೆಚ್ಚಿರುವ ಸ್ತನಗಳಲ್ಲಿ ಗೆಡ್ಡೆಗೂ ಸಹಜ ಅಂಗಾಂಶಕ್ಕೂ ಇರುವ ಅಂತರ ಕಿರಿದಾಗುವುದು ಇದರ ದೌರ್ಬಲ್ಯ.

ಸ್ವಯಂ ಪ್ರತಿದೀಪ್ತಿ

ಅತಿನೇರಳೆ ಅಥವಾ ನೀಲಿ ಬೆಳಕು ಬಿದ್ದಾಗ ಅಂಗಾಂಶದಲ್ಲಿ ಸಹಜವಾಗಿಯೇ ಇರುವ ಕೊಲಾಜನ್ ಮತ್ತು ಕೋಶದ ಉಸಿರಾಟಕ್ಕೆ ಸಂಬಂಧಿಸಿದ ಕೆಲವು ಅಣುಗಳು ಮಂದವಾಗಿ ಹೊಳೆಯುತ್ತವೆ. ಹೊರಗಿನಿಂದ ಯಾವ ಬಣ್ಣವನ್ನೂ ಸೇರಿಸದ ಕಾರಣ ಇದನ್ನು ಸ್ವಯಂ ಪ್ರತಿದೀಪ್ತಿ ಎನ್ನುತ್ತಾರೆ. ನ್ಯೂಯಾರ್ಕಿನ ಸಿಟಿ ಕಾಲೇಜಿನ ರಾಬರ್ಟ್ ಅಲ್ಫಾನೊ 1980ರ ದಶಕದಲ್ಲಿ ಕ್ಯಾನ್ಸರ್ ಅಂಗಾಂಶದ ಪ್ರತಿದೀಪ್ತಿಯನ್ನು ಅಧ್ಯಯನ ಮಾಡಿದವರಲ್ಲಿ ಮೊದಲಿಗರು. ಹೊಳಪು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಅಳೆಯುವ ಪ್ರತಿದೀಪ್ತಿ ಆಯುಷ್ಯದ ವಿಧಾನವೂ ಇದೆ. ಈ ಕಾಲ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು, ಅಂದರೆ ಕೆಲವೇ ನ್ಯಾನೊಸೆಕೆಂಡುಗಳಷ್ಟು, ಮಾತ್ರ ಇರುತ್ತದೆ.

ರಾಮನ್ ರೋಹಿತದರ್ಶನ

1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್, ಕೆ. ಎಸ್. ಕೃಷ್ಣನ್ ಅವರ ಜೊತೆ ನಡೆಸಿದ ಪ್ರಯೋಗಗಳಲ್ಲಿ ಕಂಡುಹಿಡಿದ ಪರಿಣಾಮವೇ ಈ ವಿಧಾನಕ್ಕೆ ತಳಹದಿ. 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಮುಂದೆ ಅದೇ ಊರಿನಲ್ಲಿ ನೆಲೆಸಿದರು. ಸುಮಾರು ಒಂದು ಕೋಟಿ ಫೋಟಾನುಗಳಲ್ಲಿ ಒಂದು ಮಾತ್ರ ಈ ರೀತಿ ಚದುರುವುದರಿಂದ ಸಂಕೇತ ಅತ್ಯಂತ ಕ್ಷೀಣ. 1960ರಲ್ಲಿ ಲೇಸರ್ ಬಂದ ಮೇಲೆ, ಅನಂತರ ಸೂಕ್ಷ್ಮವಾದ ಬೆಳಕಿನ ಸಂವೇದಕಗಳು ದೊರೆತ ಮೇಲೆ, ಜೀವಾಂಗಾಂಶಗಳಲ್ಲಿ ಇದರ ಬಳಕೆ ಸಾಧ್ಯವಾಯಿತು.

ರಾಮನ್ ರೋಹಿತದಲ್ಲಿ ಪ್ರತಿಯೊಂದು ಬಗೆಯ ಅಣುವಿಗೂ ಅದರದೇ ಶಿಖರಗಳಿರುತ್ತವೆ. ಈ ಶಿಖರಗಳ ಸ್ಥಾನವನ್ನು ಪ್ರತಿ ಸೆಂಟಿಮೀಟರಿಗೆ ಇಷ್ಟು ಎಂಬ ತರಂಗಸಂಖ್ಯೆಯಲ್ಲಿ ಹೇಳುವುದು ರೂಢಿ. ಕೊಬ್ಬಿಗೆ 1300 ಮತ್ತು 1440ರ ಬಳಿ, ಫಿನೈಲ್ ಅಲನಿನ್ ಎಂಬ ಅಮೈನೊ ಆಮ್ಲಕ್ಕೆ 1004ರ ಬಳಿ, ಕ್ಯಾರೊಟಿನ್ ವರ್ಗಕ್ಕೆ 1158 ಮತ್ತು 1525ರ ಬಳಿ, ಸ್ತನದಲ್ಲಿ ಕೂಡುವ ಸುಣ್ಣದ ಕಣಗಳ ಪೈಕಿ ಹೈಡ್ರಾಕ್ಸಿಅಪಟೈಟ್ ಬಗೆಗೆ 960ರ ಬಳಿ ಶಿಖರಗಳು ಕಾಣುತ್ತವೆ. ಬೇರೆ ಬೇರೆ ಅಂಶಗಳು ಎಷ್ಟೆಷ್ಟಿವೆ ಎಂಬುದನ್ನು ಗಣಿತದ ಮೂಲಕ ಬೇರ್ಪಡಿಸಿ ಲೆಕ್ಕ ಹಾಕಬಹುದು.

ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮೈಕೆಲ್ ಫೆಲ್ಡ್ ಅವರ ಪ್ರಯೋಗಾಲಯದ ಅಬಿಗೇಲ್ ಹಾಕಾ ಮತ್ತು ಸಂಗಡಿಗರು 2005ರಲ್ಲಿ ಹೊರತೆಗೆದ ಸ್ತನ ಅಂಗಾಂಶಗಳ ಅಧ್ಯಯನವನ್ನು ಪ್ರಕಟಿಸಿದರು. ಮುಖ್ಯವಾಗಿ ಕೊಬ್ಬು ಮತ್ತು ಕೊಲಾಜನ್ ಪ್ರಮಾಣಗಳ ಆಧಾರದ ಮೇಲೆ ಕ್ಯಾನ್ಸರನ್ನು ಗುರುತಿಸಿದಾಗ ಸಂವೇದನಶೀಲತೆ ಶೇಕಡ 94, ನಿರ್ದಿಷ್ಟತೆ ಶೇಕಡ 96 ಬಂದಿತು. ಮರುವರ್ಷ ಇದೇ ತಂಡ 9 ಮಹಿಳೆಯರಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಗಾಯದ ಒಳಗೋಡೆಯ ರೋಹಿತಗಳನ್ನು ದಾಖಲಿಸಿತು. ಅವರಲ್ಲಿ ಒಬ್ಬ ಮಹಿಳೆಯ ಗಾಯದಲ್ಲಿ ಬರಿಗಣ್ಣಿಗೆ ಕಾಣದ ಕ್ಯಾನ್ಸರನ್ನು ರಾಮನ್ ರೋಹಿತ ತೋರಿಸಿತು. ಆದರೆ ಆ ಅಧ್ಯಯನದಲ್ಲಿ ರೋಹಿತಗಳ ವಿಶ್ಲೇಷಣೆಯನ್ನು ಆಗಿಂದಾಗಲೇ ಬಳಸಿಕೊಂಡಿರಲಿಲ್ಲ. ಪ್ಯಾಥಾಲಜಿ ವರದಿಯೂ ಅದನ್ನೇ ಹೇಳಿದ ಬಳಿಕ ಆಕೆ ಎರಡನೆಯ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಉತ್ತರ ಸಕಾಲದಲ್ಲಿ ಕೈಗೆ ಸಿಕ್ಕಿದ್ದರೆ ಅದು ತಪ್ಪುತ್ತಿತ್ತೇನೋ ಎಂದು ಸಂಶೋಧಕರೇ ಬರೆದರು. ಒಂದೇ ರೋಗಿಯ ಸಂಗತಿಯಾದರೂ, ಈ ಕ್ಷೇತ್ರದ ಉದ್ದೇಶವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ.

ಸಾಮಾನ್ಯ ರಾಮನ್ ಅಳತೆ ಅಂಗಾಂಶದ ಮೇಲ್ಪದರವನ್ನೇ ಹೆಚ್ಚಾಗಿ ಕಾಣುತ್ತದೆ. ಬೆಳಕು ಬೀಳುವ ಜಾಗಕ್ಕೂ ಅದನ್ನು ಸಂಗ್ರಹಿಸುವ ಜಾಗಕ್ಕೂ ಅಂತರವಿಟ್ಟರೆ ಒಳಪದರಗಳ ಮಾಹಿತಿ ದೊರೆಯುತ್ತದೆ ಎಂದು ಬ್ರಿಟನ್ನಿನ ರದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದ ಪಾವೆಲ್ ಮಟೂಸೆಕ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಅನಿತಾ ಮಹದೇವನ್-ಜಾನ್ಸೆನ್ ಅವರ ತಂಡ ಈ ಉಪಾಯವನ್ನು ಸ್ತನದ ಅಂಚಿಗೆ ಅನ್ವಯಿಸಿ, ಸುಮಾರು 2 ಮಿಲಿಮೀಟರ್ ಆಳದವರೆಗೆ ನೋಡಲು ಪ್ರಯತ್ನಿಸಿತು. ಅಂಚಿನ ಮೇಲ್ಮೈ ಮಾತ್ರವಲ್ಲ, ಅದರ ಹಿಂದಿನ ಕೆಲವು ಮಿಲಿಮೀಟರುಗಳೂ ಶುದ್ಧವಾಗಿವೆಯೇ ಎಂಬುದು ಮುಖ್ಯವಾದ ಕಾರಣ ಈ ಆಳಕ್ಕೆ ಮಹತ್ತ್ವವಿದೆ.

ಬಣ್ಣ ಅಥವಾ ಔಷಧ ನೀಡಿ ನೋಡುವ ವಿಧಾನಗಳು

ಅಂಗಾಂಶದ ಸಹಜ ಸಂಕೇತ ಸಾಲದೆಡೆ, ಗೆಡ್ಡೆಯಲ್ಲಿ ಹೆಚ್ಚಾಗಿ ಸೇರುವ ಬಣ್ಣವನ್ನು ಮೊದಲೇ ದೇಹಕ್ಕೆ ನೀಡಿ, ಅದರ ಪ್ರತಿದೀಪ್ತಿಯನ್ನು ಅಳೆಯುತ್ತಾರೆ. ಇವುಗಳಲ್ಲಿ ಮೂರು ಮುಖ್ಯವಾದವು.

ಇಂಡೋಸಯನಿನ್ ಗ್ರೀನ್: 1959ರಿಂದ ಅಮೆರಿಕದಲ್ಲಿ ವೈದ್ಯಕೀಯ ಬಳಕೆಗೆ ಅನುಮತಿ ಪಡೆದಿರುವ ಹಸಿರು ಬಣ್ಣ. ಇದು 800 ನ್ಯಾನೊಮೀಟರ್ ಸುಮಾರಿನ ಅವಕೆಂಪು ಬೆಳಕನ್ನು ಹೀರಿ, ಅದಕ್ಕಿಂತ ತುಸು ಹೆಚ್ಚಿನ ತರಂಗಾಂತರದಲ್ಲಿ ಹೊಳೆಯುತ್ತದೆ. ಗೆಡ್ಡೆಯ ರಕ್ತನಾಳಗಳು ಸೋರುವ ಸ್ವಭಾವದವಾದ್ದರಿಂದ ಬಣ್ಣ ಅಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ.

5-ಅಮೈನೊಲೆವುಲಿನಿಕ್ ಆಮ್ಲ: ಬಾಯಿಯ ಮೂಲಕ ಕೊಡುವ ಔಷಧ. ಕ್ಯಾನ್ಸರ್ ಕೋಶಗಳು ಇದನ್ನು ಪ್ರೊಟೊಪಾರ್ಫಿರಿನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ನೀಲಿ ಬೆಳಕಿನಲ್ಲಿ ಅದು ಕೆಂಪಾಗಿ ಹೊಳೆಯುತ್ತದೆ. ಮಿದುಳಿನ ಗೆಡ್ಡೆಗಳ ಶಸ್ತ್ರಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಇದನ್ನು ಕೆನಡಾದ ಟೊರಾಂಟೊದಲ್ಲಿ ಸ್ತನ ಕ್ಯಾನ್ಸರಿನಲ್ಲಿಯೂ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು.

ಪೆಗುಲಿಸಿಯನಿನ್: ಗೆಡ್ಡೆಯ ಬಳಿ ಚುರುಕಾಗಿರುವ ಕಿಣ್ವಗಳು ತುಂಡರಿಸಿದ ಬಳಿಕವೇ ಹೊಳೆಯುವಂತೆ ರೂಪಿಸಿದ ವಸ್ತು. ಇದನ್ನು ಗಾಯದ ಒಳಗೆ ಹಿಡಿಯುವ ಸಣ್ಣ ಕ್ಯಾಮೆರಾದೊಡನೆ ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಏಪ್ರಿಲ್‌ನಲ್ಲಿ ಅನುಮತಿ ನೀಡಿತು.

ಕ್ಯಾಮೆರಾದ ಪ್ರತಿದೀಪ್ತಿ ಚಿತ್ರಣ ಮತ್ತು ರೋಹಿತದರ್ಶನ ಒಂದೇ ಅಲ್ಲ. ಚಿತ್ರಣ ಆಯ್ದ ತರಂಗಾಂತರದಲ್ಲಿ ಇಡೀ ಗಾಯದ ನೋಟವನ್ನು ಕೊಡುತ್ತದೆ; ರೋಹಿತದರ್ಶನ ಒಂದು ಬಿಂದುವಿನಲ್ಲಿ ಎಲ್ಲ ತರಂಗಾಂತರಗಳ ವಿವರವನ್ನು ಕೊಡುತ್ತದೆ. ಎರಡನ್ನೂ ಜೊತೆಗೂಡಿಸುವುದು ಇತ್ತೀಚಿನ ಒಲವು. ಎಮರಿ ವಿಶ್ವವಿದ್ಯಾಲಯ ಮತ್ತು ಜಾರ್ಜಿಯಾ ತಂತ್ರಜ್ಞಾನ ಸಂಸ್ಥೆಯ ಶುಮಿಂಗ್ ನೀ ಅವರ ತಂಡ 2010ರಲ್ಲಿ ಪೆನ್ನಿನಂತೆ ಕೈಯಲ್ಲಿ ಹಿಡಿಯಬಹುದಾದ ರೋಹಿತದರ್ಶಕವನ್ನು ವರ್ಣಿಸಿತು. 785 ನ್ಯಾನೊಮೀಟರ್ ಲೇಸರಿನಿಂದ ಕೆಲಸ ಮಾಡುವ ಅದನ್ನು ಸ್ತನಗೆಡ್ಡೆಯುಳ್ಳ ಇಲಿಗಳಲ್ಲಿ ಪರೀಕ್ಷಿಸಲಾಯಿತು. ಬಣ್ಣದ ಹೊಳಪನ್ನೂ ಚಿನ್ನದ ನ್ಯಾನೊಕಣಗಳಿಂದ ಬಲಗೊಂಡ ರಾಮನ್ ಸಂಕೇತವನ್ನೂ ಅದು ಗುರುತಿಸಬಲ್ಲದು.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಳಕೆಯ ಕ್ರಮ

ಬೆಳಕನ್ನು ಎರಡು ಕಡೆ ಬಳಸಬಹುದು. ಹೊರತೆಗೆದ ತುಂಡಿನ ಹೊರಮೈಯನ್ನು ಮೇಜಿನ ಮೇಲೆ ಪರೀಕ್ಷಿಸುವುದು ಒಂದು. ದೇಹದಲ್ಲಿ ಉಳಿದ ಗಾಯದ ಒಳಗೋಡೆಯನ್ನು ಪರೀಕ್ಷಿಸುವುದು ಇನ್ನೊಂದು. ಮೊದಲನೆಯದು ಸುಲಭ, ರೋಗಿಗೆ ಸುರಕ್ಷಿತ. ಆದರೆ ತುಂಡಿನ ಮೇಲೆ ಸಂಶಯದ ಜಾಗ ಕಂಡಾಗ, ಗಾಯದಲ್ಲಿ ಅದಕ್ಕೆ ಎದುರಾದ ಜಾಗ ಯಾವುದೆಂದು ನಿಖರವಾಗಿ ಗುರುತಿಸುವುದು ಕಷ್ಟ. ತುಂಡು ಮೆತ್ತಗಿದ್ದು, ಮೇಜಿನ ಮೇಲೆ ಇಟ್ಟಾಗ ಆಕಾರ ಬದಲಿಸುತ್ತದೆ. ಎರಡನೆಯ ಕ್ರಮದಲ್ಲಿ ಉತ್ತರ ನೇರವಾಗಿ ಸಿಗುತ್ತದೆ. ಆದರೆ ರಕ್ತವನ್ನು ಒರೆಸಬೇಕು, ಮೇಲಿನ ದೊಡ್ಡ ದೀಪಗಳನ್ನು ಆರಿಸಬೇಕು ಅಥವಾ ಮಂದಗೊಳಿಸಬೇಕು, ಕಡ್ಡಿಯನ್ನು ಅಲುಗದಂತೆ ಹಿಡಿಯಬೇಕು.

ಕಡ್ಡಿ ಮುಟ್ಟಿದ ಪ್ರತಿ ಬಿಂದುವಿನಲ್ಲಿ ದಾಖಲಾದ ರೋಹಿತವನ್ನು, ಪ್ಯಾಥಾಲಜಿ ಉತ್ತರ ಮೊದಲೇ ತಿಳಿದಿರುವ ರೋಹಿತಗಳ ಸಂಗ್ರಹದೊಡನೆ ಗಣಕಯಂತ್ರ ಹೋಲಿಸುತ್ತದೆ. ಅದು ಕೊಡುವುದು ಸಂಭವನೀಯತೆಯನ್ನು; ಇನ್ನಷ್ಟು ತೆಗೆಯಬೇಕೇ ಎಂಬ ನಿರ್ಧಾರ ಶಸ್ತ್ರವೈದ್ಯರದೇ.

ಪ್ರಾಣಿಗಳಲ್ಲಿ

ಸಂತಾನಹರಣ ಚಿಕಿತ್ಸೆ ಆಗದ ಹೆಣ್ಣು ನಾಯಿಗಳಲ್ಲಿ ಅತಿ ಸಾಮಾನ್ಯವಾದ ಗೆಡ್ಡೆಯೆಂದರೆ ಸ್ತನಗ್ರಂಥಿಯ ಗೆಡ್ಡೆ. ನಾಯಿಗೆ ಸಾಮಾನ್ಯವಾಗಿ ಐದು ಜೊತೆ ಸ್ತನಗ್ರಂಥಿಗಳಿರುತ್ತವೆ. ಗೆಡ್ಡೆಗಳು ಒಂದಕ್ಕಿಂತ ಹೆಚ್ಚು ಗ್ರಂಥಿಗಳಲ್ಲಿ ಏಕಕಾಲಕ್ಕೆ ಕಾಣಿಸಿಕೊಳ್ಳುವುದುಂಟು. ಅವುಗಳಲ್ಲಿ ಸುಮಾರು ಅರ್ಧದಷ್ಟು ಮಾರಕವೆಂದು ಪಶುವೈದ್ಯ ಗ್ರಂಥಗಳು ಹೇಳುತ್ತವೆ. ಬೆಕ್ಕುಗಳಲ್ಲಿ ಈ ಗೆಡ್ಡೆಗಳು ನಾಯಿಗಳಿಗಿಂತ ಅಪರೂಪವಾದರೂ ಬಹುಪಾಲು ಮಾರಕವೇ ಆಗಿರುತ್ತವೆ.

ಪ್ರಯೋಗಾಲಯದ ಇಲಿಗೆ ಗೆಡ್ಡೆಯನ್ನು ಬರಿಸಲಾಗುತ್ತದೆ. ನಾಯಿಗೆ ಅದು ಮನುಷ್ಯರಿಗೆ ಬರುವಂತೆ ವಯಸ್ಸಾದಾಗ ತಾನಾಗಿ ಬರುತ್ತದೆ. ನಾಯಿ ಮನುಷ್ಯರ ಮನೆಯಲ್ಲಿಯೇ ಬಾಳುತ್ತದೆ. ಅದರ ಗೆಡ್ಡೆಯ ಗಾತ್ರವೂ ಶಸ್ತ್ರಚಿಕಿತ್ಸೆಯ ವಿಧಾನವೂ ಮನುಷ್ಯರದಕ್ಕೆ ಹತ್ತಿರವಾಗಿವೆ. ಆದುದರಿಂದ ಹೊಸ ಉಪಕರಣವನ್ನು ಇಲಿಯಿಂದ ಮನುಷ್ಯರಿಗೆ ತರುವ ಹಾದಿಯಲ್ಲಿ, ಒಡೆಯರ ಒಪ್ಪಿಗೆಯೊಂದಿಗೆ ಚಿಕಿತ್ಸೆಗೆ ಬಂದ ಸಾಕುನಾಯಿಗಳು ನಡುವಿನ ಮೆಟ್ಟಿಲಾಗಿವೆ. ಇದರಲ್ಲಿ ನಾಯಿಗೂ ಲಾಭವಿದೆ: ವಿಕಿರಣ ಚಿಕಿತ್ಸೆಯಾಗಲಿ ಎರಡನೆಯ ಶಸ್ತ್ರಚಿಕಿತ್ಸೆಯಾಗಲಿ ಎಲ್ಲ ಕಡೆ ಸಿಗದ ಕಾರಣ, ಅದಕ್ಕೆ ಮೊದಲ ಶಸ್ತ್ರಚಿಕಿತ್ಸೆಯೇ ಅನೇಕ ವೇಳೆ ಏಕೈಕ ಅವಕಾಶ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಡೇವಿಡ್ ಹೋಲ್ಟ್ ಮತ್ತು ಶಸ್ತ್ರವೈದ್ಯ ಸುನಿಲ್ ಸಿಂಘಾಲ್ ಅವರ ಬಳಗ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಅದು ಸ್ತನಗೆಡ್ಡೆಯದಲ್ಲ, ಸಾರ್ಕೋಮಾ ಎಂಬ ಬೇರೆ ಬಗೆಯ ಗೆಡ್ಡೆಯದು. ಆದರೆ ಪ್ರಶ್ನೆ ಒಂದೇ: ಗಾಯದಲ್ಲಿ ಏನಾದರೂ ಉಳಿದಿದೆಯೇ? 15 ನಾಯಿಗಳಲ್ಲಿ ಮತ್ತು ಇಬ್ಬರು ಮನುಷ್ಯರಲ್ಲಿ ಅವಕೆಂಪು ಪ್ರತಿದೀಪ್ತಿಯ ಚಿತ್ರಣ ಮತ್ತು ರೋಹಿತದರ್ಶನ ಎರಡನ್ನೂ ಬಳಸಲಾಯಿತು. 10 ನಾಯಿಗಳ ಗಾಯದಲ್ಲಿ ಸಂಕೇತ ಕ್ಷೀಣವಾಗಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವುಗಳಲ್ಲಿ ಯಾವುದಕ್ಕೂ ಅದೇ ಜಾಗದಲ್ಲಿ ರೋಗ ಮರುಕಳಿಸಲಿಲ್ಲ. ಉಳಿದ 5 ನಾಯಿಗಳಲ್ಲಿ ಸಂಕೇತ ಪ್ರಬಲವಾಗಿತ್ತು. ಅವುಗಳಲ್ಲಿ 4ರ ಗಾಯದಲ್ಲಿ ಗೆಡ್ಡೆಯ ಕೋಶಗಳಿರುವುದನ್ನು ಸೂಕ್ಷ್ಮದರ್ಶಕ ಖಚಿತಪಡಿಸಿತು. ಇಂಡೋಸಯನಿನ್ ಗ್ರೀನ್ ಬಳಸಿ ನಾಯಿಗಳ ಸ್ತನಗೆಡ್ಡೆಗಳನ್ನೇ ಗುರುತಿಸಿದ ಅಧ್ಯಯನವನ್ನು ಇದೇ ಬಳಗ 2020ರಲ್ಲಿ ಪ್ರಕಟಿಸಿತು.

ಪೆಗುಲಿಸಿಯನಿನ್ ಕೂಡ ಇದೇ ಹಾದಿಯಲ್ಲಿ ಬಂದದ್ದು. ಲಮ್015 ಎಂಬ ಹೆಸರಿನಲ್ಲಿ ಅದನ್ನು ಇಲಿಗಳಲ್ಲಿಯೂ, ಸಾರ್ಕೋಮಾ ಮೊದಲಾದ ಗೆಡ್ಡೆಗಳಿದ್ದ ನಾಯಿಗಳಲ್ಲಿಯೂ, ಅನಂತರ ಮನುಷ್ಯರಲ್ಲಿಯೂ ಪರೀಕ್ಷಿಸಲಾಯಿತು. 2016ರಲ್ಲಿ ಈ ಮೊದಲ ಫಲಿತಾಂಶಗಳು ಹೊರಬಂದವು.

ಆದರೆ ನಾಯಿಯ ಗೆಡ್ಡೆ ಮನುಷ್ಯರದರ ಪಡಿಯಚ್ಚಲ್ಲ. ನಾಯಿಗಳಲ್ಲಿ ಮಿಶ್ರ ಗೆಡ್ಡೆಗಳು ಹೆಚ್ಚು. ಇವುಗಳಲ್ಲಿ ಮೃದ್ವಸ್ಥಿ, ಕೆಲವೊಮ್ಮೆ ಮೂಳೆಯೂ ಬೆಳೆದಿರುತ್ತದೆ. ಮೂಳೆಯ ಖನಿಜ ರಾಮನ್ ರೋಹಿತದಲ್ಲಿ 960ರ ಬಳಿ ಶಿಖರ ತೋರುತ್ತದೆ. ಮಹಿಳೆಯರ ಸ್ತನದ ಸುಣ್ಣದ ಕಣಗಳ ಶಿಖರವೂ ಅಲ್ಲಿಯೇ. ಕಪ್ಪು ಚರ್ಮದ ನಾಯಿಗಳಲ್ಲಿ ಮೆಲನಿನ್ ಬೆಳಕನ್ನು ಹೀರುತ್ತದೆ. ಆದ್ದರಿಂದ ಮನುಷ್ಯರ ರೋಹಿತಗಳಿಂದ ಕಲಿತ ಗಣಕಸೂತ್ರವನ್ನು ನಾಯಿಗೂ, ನಾಯಿಯದನ್ನು ಮನುಷ್ಯರಿಗೂ ಹಾಗೆಯೇ ಅನ್ವಯಿಸುವಂತಿಲ್ಲ.

ಫಲಿತಾಂಶಗಳನ್ನು ಅಳೆಯುವ ಬಗೆ

ಯಾವುದೇ ಪರೀಕ್ಷೆಯ ಗುಣವನ್ನು ಎರಡು ಸಂಖ್ಯೆಗಳು ಹೇಳುತ್ತವೆ. ಕ್ಯಾನ್ಸರ್ ಇರುವ ಜಾಗಗಳಲ್ಲಿ ಎಷ್ಟನ್ನು ಪರೀಕ್ಷೆ ಹಿಡಿಯಿತು ಎಂಬುದು ಸಂವೇದನಶೀಲತೆ. ಕ್ಯಾನ್ಸರ್ ಇಲ್ಲದ ಜಾಗಗಳಲ್ಲಿ ಎಷ್ಟನ್ನು ಇಲ್ಲವೆಂದೇ ಸರಿಯಾಗಿ ಹೇಳಿತು ಎಂಬುದು ನಿರ್ದಿಷ್ಟತೆ. ಉದಾಹರಣೆಗೆ, ಒಟ್ಟು 100 ಜಾಗಗಳಲ್ಲಿ 10ರಲ್ಲಿ ಮಾತ್ರ ಕ್ಯಾನ್ಸರ್ ಇದೆ, ಪರೀಕ್ಷೆಯ ಎರಡು ಗುಣಗಳೂ ಶೇಕಡ 90 ಇವೆ ಎಂದುಕೊಂಡರೆ, ಅದು 9 ಜಾಗಗಳನ್ನು ಹಿಡಿದು 1ನ್ನು ಬಿಡುತ್ತದೆ; ಉಳಿದ 90ರಲ್ಲಿ 9 ಕಡೆ ಸುಳ್ಳು ಎಚ್ಚರಿಕೆ ಕೊಡುತ್ತದೆ. ಅಂದರೆ ಎಚ್ಚರಿಕೆ ಬಂದ 18 ಜಾಗಗಳಲ್ಲಿ ಅರ್ಧ ಮಾತ್ರ ನಿಜ. ಸುಳ್ಳು ಎಚ್ಚರಿಕೆಯಿಂದ ಆರೋಗ್ಯವಂತ ಭಾಗ ವೃಥಾ ಹೋಗುತ್ತದೆ. ಬಿಟ್ಟುಹೋದ ಒಂದು ಜಾಗದಿಂದ ರೋಗ ಉಳಿಯುತ್ತದೆ. ಎರಡೂ ತಪ್ಪುಗಳ ಬೆಲೆ ಒಂದೇ ಅಲ್ಲ.

2023ರಲ್ಲಿ ಪ್ರಕಟವಾದ ಪೆಗುಲಿಸಿಯನಿನ್‌ನ ದೊಡ್ಡ ಪರೀಕ್ಷೆ ಈ ಲೆಕ್ಕಾಚಾರವನ್ನು ವಾಸ್ತವದಲ್ಲಿ ತೋರಿಸುತ್ತದೆ. ಅದರಲ್ಲಿ ನಿರ್ದಿಷ್ಟತೆ ಶೇಕಡ 85.2 ಇತ್ತು, ಸಂವೇದನಶೀಲತೆ ಶೇಕಡ 49.3 ಮಾತ್ರ. ಆದರೂ 357 ಮಹಿಳೆಯರಲ್ಲಿ 27 ಮಂದಿಯ, ಅಂದರೆ ಶೇಕಡ 7.6ರಷ್ಟು ಮಂದಿಯ, ಗಾಯದಲ್ಲಿ ಸಾಮಾನ್ಯ ಶಸ್ತ್ರಚಿಕಿತ್ಸೆಯ ಬಳಿಕವೂ ಉಳಿದಿದ್ದ ಗೆಡ್ಡೆಯನ್ನು ಹೊಳಪಿನ ಮಾರ್ಗದರ್ಶನದಿಂದ ತೆಗೆಯಲಾಯಿತು. ಅಂಚು ಧನಾತ್ಮಕವಾಗಿದ್ದ 62 ಮಂದಿಯಲ್ಲಿ 9 ಮಂದಿಗೆ ಎರಡನೆಯ ಶಸ್ತ್ರಚಿಕಿತ್ಸೆ ತಪ್ಪಿತು. ಇಬ್ಬರಲ್ಲಿ ತೀವ್ರ ಅಲರ್ಜಿ ಕಾಣಿಸಿಕೊಂಡಿತು. ಹೊಳೆದ ಜಾಗವನ್ನು ಶಂಕಿಸಬೇಕು ಎಂಬುದು ಈ ಅಂಕಿಗಳಿಂದ ತಿಳಿಯುತ್ತದೆ. ಹೊಳೆಯದ ಜಾಗ ನಿಶ್ಚಯವಾಗಿ ಶುದ್ಧ ಎಂದು ಅವು ಹೇಳುವುದಿಲ್ಲ.

ಮಿತಿಗಳು

ಬೆಳಕು ಅಂಗಾಂಶದಲ್ಲಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಗೋಚರ ಬೆಳಕಿಗಿಂತ ಅವಕೆಂಪು ಬೆಳಕು ಆಳಕ್ಕೆ ಹೋಗುತ್ತದಾದರೂ, ಅಂಚಿನ ಅಳತೆಗಳು ಮಿಲಿಮೀಟರುಗಳ ವ್ಯಾಪ್ತಿಗೇ ಸೀಮಿತ.

ಬಿಂದುವಿನಿಂದ ಬಿಂದುವಿಗೆ ಅಳೆಯುವ ವಿಧಾನಗಳಲ್ಲಿ ಇಡೀ ಅಂಚನ್ನು ನೋಡಿ ಮುಗಿಸಲು ಸಮಯ ಹಿಡಿಯುತ್ತದೆ. ನೋಡದೆ ಬಿಟ್ಟ ಬಿಂದುವಿನಲ್ಲಿಯೇ ರೋಗ ಇರಬಹುದು.

ರಕ್ತ, ವಿದ್ಯುತ್ ಚಾಕುವಿನಿಂದ ಸುಟ್ಟ ಅಂಗಾಂಶ ಮತ್ತು ದುಗ್ಧಗ್ರಂಥಿಗಳನ್ನು ಗುರುತಿಸಲು ಚುಚ್ಚುವ ನೀಲಿ ಬಣ್ಣ ರೋಹಿತವನ್ನು ಕೆಡಿಸುತ್ತವೆ.

ಉರಿಯೂತ ಅಥವಾ ನಿರಪಾಯಕಾರಿ ಗೆಡ್ಡೆ ಇರುವೆಡೆಯೂ ಬಣ್ಣ ಸೇರಬಹುದು.

ಹಾಲಿನ ನಾಳದೊಳಗಿನ ಆರಂಭಿಕ ಕ್ಯಾನ್ಸರ್ ಬಿಡಿಬಿಡಿಯಾಗಿ, ಆರೋಗ್ಯವಂತ ಅಂಗಾಂಶದ ನಡುವೆ ಹರಡಿರುವುದರಿಂದ, ಅಂಚಿನಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ಇದೇ ಬಗೆಯನ್ನು ಹಿಡಿಯುವುದು ಅತ್ಯಂತ ಕಷ್ಟ.

ಅನೇಕ ಅಧ್ಯಯನಗಳು ಕೆಲವೇ ರೋಗಿಗಳಲ್ಲಿ, ಒಂದೇ ಆಸ್ಪತ್ರೆಯಲ್ಲಿ, ಹೊರತೆಗೆದ ತುಂಡುಗಳ ಮೇಲೆ ನಡೆದವು. ಅಲ್ಲಿ ಬಂದ ಉತ್ತಮ ಅಂಕಿಗಳು ಶಸ್ತ್ರಚಿಕಿತ್ಸಾ ಕೊಠಡಿಯ ಗಡಿಬಿಡಿಯಲ್ಲಿ ಹಾಗೆಯೇ ಉಳಿಯುತ್ತವೆ ಎನ್ನುವಂತಿಲ್ಲ.

ಭಾರತದಲ್ಲಿ ಸಂಶೋಧನೆ

ಇಂದೋರಿನ ಅಂದಿನ ಉನ್ನತ ತಂತ್ರಜ್ಞಾನ ಕೇಂದ್ರದ ವಿಜ್ಞಾನಿಗಳು ನೈಟ್ರೊಜನ್ ಲೇಸರ್ ಬಳಸಿ ಸ್ತನ ಅಂಗಾಂಶದ ಸ್ವಯಂ ಪ್ರತಿದೀಪ್ತಿಯ ಅಧ್ಯಯನವನ್ನು 1997ರಲ್ಲಿ ಪ್ರಕಟಿಸಿದರು. ಈ ಲೇಸರಿನ ಬೆಳಕು 337 ನ್ಯಾನೊಮೀಟರಿನದು. ಕರ್ನಾಟಕದ ಮಣಿಪಾಲದಲ್ಲಿ ಸಹಜ, ನಿರಪಾಯಕಾರಿ ಮತ್ತು ಮಾರಕ ಸ್ತನ ಅಂಗಾಂಶಗಳನ್ನು ರಾಮನ್ ರೋಹಿತದಿಂದ ಬೇರ್ಪಡಿಸುವ ಅಧ್ಯಯನ ನಡೆದು 2006ರಲ್ಲಿ ಪ್ರಕಟವಾಯಿತು. ಆ ತಂಡದಲ್ಲಿದ್ದ ಸಿ. ಮುರಳಿ ಕೃಷ್ಣ ಮುಂದೆ ನವಿ ಮುಂಬಯಿಯಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ವಿಭಾಗದಲ್ಲಿ, ಇಲಿಗಳ ಚರ್ಮದ ಮೂಲಕವೇ ಸ್ತನಗೆಡ್ಡೆಯ ರಾಮನ್ ರೋಹಿತವನ್ನು ಪಡೆಯುವ ಅಧ್ಯಯನಗಳನ್ನು ತಮ್ಮ ಸಹೋದ್ಯೋಗಿಗಳೊಂದಿಗೆ ನಡೆಸಿದರು.

ಸಂಬಂಧಿತ ಇತರ ತಂತ್ರಗಳು

ಅಂಚನ್ನು ಪರೀಕ್ಷಿಸುವ ಎಲ್ಲ ಉಪಕರಣಗಳೂ ಬೆಳಕಿನ ರೋಹಿತವನ್ನು ಬಳಸುವುದಿಲ್ಲ. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಾರ್ಜಿನ್‌ಪ್ರೋಬ್ ರೇಡಿಯೊ ತರಂಗಗಳನ್ನು ಬಳಸುತ್ತದೆ. ಐನೈಫ್ ಎಂಬುದು ವಿದ್ಯುತ್ ಚಾಕುವಿನ ಹೊಗೆಯಲ್ಲಿರುವ ಅಣುಗಳ ರಾಶಿಯನ್ನು ಅಳೆಯುತ್ತದೆ. ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ ಬೆಳಕನ್ನು ಬಳಸಿದರೂ ಅಂಗಾಂಶದ ರಾಸಾಯನಿಕ ಸ್ವರೂಪಕ್ಕಿಂತ ಅದರ ರಚನೆಯ ಚಿತ್ರವನ್ನು ಕೊಡುತ್ತದೆ. ಬಿಂದುವಿನ ಬದಲು ಇಡೀ ಮೇಲ್ಮೈಯ ಪ್ರತಿಯೊಂದು ಚುಕ್ಕೆಯ ರೋಹಿತವನ್ನೂ ಒಮ್ಮೆಗೇ ದಾಖಲಿಸುವ ಬಹುರೋಹಿತ ಚಿತ್ರಣವು, ಪ್ರಸರಿತ ಪ್ರತಿಫಲನ ವಿಧಾನದ ಮುಂದುವರಿಕೆಯಾಗಿ ಪರೀಕ್ಷೆಯಲ್ಲಿದೆ.

ಇವನ್ನೂ ನೋಡಿ

ಸ್ತನ ಕ್ಯಾನ್ಸರ್
ರಾಮನ್ ಪರಿಣಾಮ
ಸಿ. ವಿ. ರಾಮನ್
ರೋಹಿತ
ಪ್ರತಿದೀಪ್ತಿ
ಲೇಸರ್
ಪಶುವೈದ್ಯಕೀಯ